ತೊಳೆದು ಕೊಟ್ಟ ಹಣ್ಣು

ಸುಲಿಯುವ ಶೆಡ್ಡಿನಲ್ಲಿ ಅವಳಿಗೆ ಒಂದೆಳೆ ಎಂದೇ ಹೆಸರು. ತೊಟ್ಟಿನ ಬಳಿ ಚಾಕು ಊರಿದಳೆಂದರೆ ಮಾವಿನ ಸಿಪ್ಪೆ ಎಲ್ಲೂ ಹರಿಯದೆ, ಒಂದೇ ಎಳೆಯಾಗಿ, ಸುರುಳಿ ಸುತ್ತಿಕೊಂಡು ಬಕೆಟ್ಟಿಗೆ ಇಳಿಯುತ್ತಿತ್ತು. ಹೊಸದಾಗಿ ಸೇರಿದ ಹೆಂಗಸರನ್ನು ಮೇಸ್ತ್ರಿ ಒಂದು ದಿನ ಅವಳ ಹಿಂದೆ ನಿಲ್ಲಿಸುತ್ತಿದ್ದ. "ನೋಡ್ಕೊಳ್ಳಿ, ಸಿಪ್ಪೆ ಎತ್ತಿ ಹಿಡಿದ್ರೆ ಆಚೆ ಬೆಳಕು ಕಾಣಬೇಕು. ಸಿಪ್ಪೆ ಜೊತೆ ತಿರುಳು ಹೋಯ್ತೋ, ಕಂಪನಿ ಹೋಯ್ತು ಅಂತ ತಿಳ್ಕೊಳ್ಳಿ." ಹತ್ತೊಂಬತ್ತು ವರ್ಷ ಅವಳು ಹೀಗೆ ಕಂಪನಿಯನ್ನು ಉಳಿಸಿಕೊಂಡು ಬಂದಿದ್ದಳು. ಕೈಯನ್ನು ಉಳಿಸಿಕೊಂಡಿರಲಿಲ್ಲ.

ಮಾವಿನ ತೊಟ್ಟು ಮುರಿದಾಗ ಚಿಮ್ಮುವ ಸೊನೆ ನೋಡಲು ನೀರಿನ ಹಾಗಿರುತ್ತದೆ. ಮುಟ್ಟಿದ ಗಳಿಗೆಯಲ್ಲಿ ಏನೂ ಆಗುವುದಿಲ್ಲ. ಮಾರನೆಯ ದಿನ ಬೆರಳ ಸಂದಿಯಲ್ಲಿ ನವೆ ಶುರುವಾಗುತ್ತದೆ, ಅದರ ಮಾರನೆಯ ದಿನ ಸಾಸಿವೆಯಂಥ ಗುಳ್ಳೆಗಳು, ಆಮೇಲೆ ಗುಳ್ಳೆ ಒಡೆದು ಚರ್ಮ ಕಪ್ಪಾಗಿ ಹಕ್ಕಳೆ ಏಳುತ್ತದೆ. ಮೊದಲ ವರ್ಷಗಳಲ್ಲಿ ಅವಳಿಗೆ ಬೆರಳಿಗಷ್ಟೇ ಆಗುತ್ತಿತ್ತು. ಆಮೇಲೆ ಮಣಿಕಟ್ಟಿಗೆ ಏರಿತು. ಈ ಸಲ ಸುಗ್ಗಿಯಲ್ಲಿ ಕತ್ತಿಗೆ, ಕಣ್ಣಿನ ರೆಪ್ಪೆಗೆ ಬಂತು. ಬೆಳಿಗ್ಗೆ ಏಳುವಾಗ ಒಂದು ಕಣ್ಣು ತೆರೆಯುತ್ತಿರಲಿಲ್ಲ. ಗ್ಲೌಸು ಇದ್ದವು. ತಪಾಸಣೆಯವರು ಬರುವ ದಿನ ಪೆಟ್ಟಿಗೆ ಕೆಳಗಿಳಿಯುತ್ತಿತ್ತು, ಅವರು ಹೋದ ಮೇಲೆ ಬೀರುವಿನ ಮೇಲೇರುತ್ತಿತ್ತು. ಹಾಕಿಕೊಂಡರೆ ಸೊನೆ ಒಳಗೆ ಇಳಿದು ಬೆವರಿನ ಜೊತೆ ಕೂತು ಇನ್ನಷ್ಟು ಉರಿಯುತ್ತದೆ, ಚಾಕು ಜಾರುತ್ತದೆ, ಸಿಪ್ಪೆ ದಪ್ಪವಾಗುತ್ತದೆ ಎನ್ನುವುದೂ ನಿಜವೇ.

ಶೆಡ್ಡಿಗೆ ಆರು ಜಾತಿಯ ಮಾವು ಬರುತ್ತಿತ್ತು. ಕಂಪನಿಯ ಕಾಗದದಲ್ಲಿ ಅವಕ್ಕೆ ಬೇರೆ ಹೆಸರುಗಳಿದ್ದವು. ಹೆಂಗಸರು ಇಟ್ಟ ಹೆಸರುಗಳೇ ಬೇರೆ. ಕೆಂಪು ಕೆನ್ನೆ, ಚಪ್ಪೆ ರುಚಿಯದು ಮದುಮಗಳು. ತುಂಬ ನಾರಿನದು ನಾರಜ್ಜಿ. ಕೊಕ್ಕಿನದು ಗಿಳಿಮೂತಿ. ಉಂಡೆ ಹಾಗಿರುವುದು ಗುಂಡ. ಮೇಲೆ ಹಸಿರಿದ್ದು ಒಳಗೆ ಹಣ್ಣಾಗಿರುವುದು ಕಳ್ಳಿ. ಎಲ್ಲಕ್ಕಿಂತ ಕೊನೆಗೆ ಬರುವ, ತೆಳು ಸಿಪ್ಪೆಯ, ಸೊನೆ ಸುರಿಯುವ ಆರನೆಯದು ನಾದಿನಿ.

"ಅದ್ಯಾಕೆ ನಾದಿನಿ?" ಎಂದು ಹೊಸಬರು ಕೇಳಿದರೆ ಎದುರು ಮೇಜಿನ ಕಂಚು ಉತ್ತರ ಕೊಡುತ್ತಿದ್ದಳು. ಗಂಟಲು ಕಂಚಿನ ಗಂಟೆಯ ಹಾಗಿದ್ದುದರಿಂದ ಅವಳಿಗೆ ಆ ಹೆಸರು. "ವರ್ಷಕ್ಕೊಂದು ಸಲ ಬರೋದು. ಇರೋದು ಹದಿನೈದೇ ದಿನ. ಹೋದ ಮೇಲೆ ಎರಡು ತಿಂಗಳು ಉರಿ!"

ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು. ಒಂದೆಳೆ ಮಾತ್ರ ನಗುವಾಗ ಕೆನ್ನೆ ಎಳೆಯದಂತೆ ನಗುತ್ತಿದ್ದಳು. ಹಕ್ಕಳೆ ಬಿರಿಯುತ್ತಿತ್ತು.

ಕಣ್ಣಿನ ರೆಪ್ಪೆ ಊದಿದ ವಾರ ಮೇಸ್ತ್ರಿ ಅವಳನ್ನು ಬುಧವಾರದ ಡಾಕ್ಟರ ಬಳಿಗೆ ಕಳಿಸಿದ. ವಾರಕ್ಕೊಮ್ಮೆ, ಬುಧವಾರ, ಕಂಪನಿಯ ಗೇಟಿನ ಪಕ್ಕದ ಕೋಣೆಯಲ್ಲಿ ಎರಡು ಗಂಟೆ ಕೂರುವ ಡಾಕ್ಟರು ಅವರು. ಅವಳ ಕೈಯನ್ನು ಮುಟ್ಟದೆ, ಪೆನ್ನಿನ ತುದಿಯಿಂದ ತಿರುಗಿಸಿ ನೋಡಿದರು.

"ಮನೇಲಿ ಪಾತ್ರೆ ಯಾರು ತೊಳೀತಾರೆ?"

"ನಾನೇ."

"ಬಟ್ಟೆ?"

"ನಾನೇ."

"ನೆಲ ಒರೆಸೋದು?"

"ಇನ್ಯಾರು ಡಾಕ್ಟ್ರೇ?"

"ಅಷ್ಟೇ ಮತ್ತೆ. ಸೋಪು, ಬಟ್ಟೆ ಪುಡಿ. ಹೆಂಗಸರ ಕೈಯೆಲ್ಲ ಇದೇ ಕತೆ." ಚೀಟಿಯ ಮೇಲೆ ಬರೆದೇಬಿಟ್ಟರು: ಮನೆಗೆಲಸದಿಂದ ಬಂದದ್ದು.

ಆ ಚೀಟಿ ಸಣ್ಣದಾಗಿರಲಿಲ್ಲ. ಕಂಪನಿಯಲ್ಲಿ ಒಂದು ನಿಯಮವಿತ್ತು: ಮೈಮೇಲೆ ಹುಣ್ಣಿರುವವರು ಆಹಾರ ಮುಟ್ಟುವಂತಿಲ್ಲ. ಹುಣ್ಣು ಕೆಲಸದಿಂದ ಬಂದದ್ದಾದರೆ ಅವರನ್ನು ಚೀಟಿ ಕೋಣೆಗೆ ಹಾಕಬೇಕು. ಅದು ಡಬ್ಬಿಗಳಿಗೆ ಹೆಸರಿನ ಚೀಟಿ ಅಂಟಿಸುವ ಒಣ ಕೋಣೆ, ಅಲ್ಲಿ ಕುರ್ಚಿ ಇದೆ, ಸಂಬಳ ಅಷ್ಟೇ. ಹುಣ್ಣು ಮನೆಯಿಂದ ಬಂದದ್ದಾದರೆ ಮನೆಗೇ ಹೋಗಬೇಕು. ಗುಣವಾದ ಮೇಲೆ ನೋಡೋಣ. ಹಾಗೆ 'ನೋಡೋಣ' ಎನಿಸಿಕೊಂಡು ಹೋದವರನ್ನು ಮತ್ತೆ ಕರೆದದ್ದನ್ನು ಶೆಡ್ಡಿನಲ್ಲಿ ಯಾರೂ ನೋಡಿರಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ಅವಳ ಹುಣ್ಣಿಗೆ ಕನ್ನಡಿ ಸಾಲದೆ ಸಾಕ್ಷಿ ಬೇಕಾಗಿತ್ತು.

ಮನೆಯಲ್ಲಿ ಚೀಟಿ ತೋರಿಸಿದಾಗ ಗಂಡ ಕೂತಲ್ಲಿಂದಲೇ ಓದಿದ. ಅವನು ಒಂದು ಗೋದಾಮಿನ ಕಾವಲುಗಾರ. ದಿನವಿಡೀ ಕೂತು ಬರುವ ಕೆಲಸವಾದ್ದರಿಂದ ಬೆನ್ನುನೋವು ಜಾಸ್ತಿ, ಬಂದ ಮೇಲೆ ಮಲಗಬೇಕಾಗುತ್ತಿತ್ತು.

"ಮನೆಗೆಲಸದಿಂದ ಅಂತೆ! ಮನೇಲಿ ಅಂಥಾದ್ದೇನಿದೆ ಕೆಲಸ? ಮೂರು ಜನರ ಪಾತ್ರೆ. ಎಲ್ಲಾ ಆ ಕಾರ್ಖಾನೆ ಸೊನೆ. ಹೋಗಿ ಸರಿಯಾಗಿ ಕೇಳು ಅವರನ್ನ."

"ನೀವು ಬಂದು ಕೇಳಿ."

"ನಾನು ಕೇಳಿದ್ರೆ ಗಂಡನ್ನ ಕರ್ಕೊಂಡು ಬಂದಳು ಅಂತಾರೆ," ಎಂದ ಅವನು. ನ್ಯಾಯವಾಗಿಯೇ ಹೇಳಿದ ಹಾಗಿತ್ತು.

ಡಾಕ್ಟರು ಮನೆಯ ಕಡೆ ಕೈ ತೋರಿಸಿದರು, ಮನೆಯವನು ಕಾರ್ಖಾನೆಯ ಕಡೆ. ಅವಳ ಕೈ ಎರಡೂ ಕಡೆ ದುಡಿಯುತ್ತಿತ್ತು.

ಕಿಟಕಿಯ ಕೆಳಗೆ ಚಾಪೆಯ ಮೇಲೆ ಅತ್ತೆ ಕೂತಿದ್ದಳು. ಅತ್ತೆ ಇದೇ ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷ ಸುಲಿದವಳು. ಅವಳ ಬೆರಳುಗಳು ನದಿಯ ಕಲ್ಲಿನ ಹಾಗೆ ನುಣುಪಾಗಿದ್ದವು. ಯಾವುದೋ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡಾಗ ಬಿಳಿ ಕಾಗದದ ಮೇಲೆ ಬರೀ ಮಸಿಯ ಉಂಡೆ ಮೂಡಿತ್ತು. ಗುಮಾಸ್ತ, "ಅಜ್ಜಿ, ನೀವು ಯಾರೂ ಅಲ್ಲ," ಎಂದು ನಗೆಯಾಡಿದ್ದ. ಸೊಸೆ ಕೆಲಸಕ್ಕೆ ಸೇರಿದ ಮೊದಲ ವಾರ ಅತ್ತೆ ಕಲಿಸಿದ್ದು ಸುಲಿಯುವುದನ್ನಲ್ಲ, ಸೊನೆ ಇಳಿಸುವುದನ್ನು. ತೊಟ್ಟು ಗಿಣ್ಣಿನವರೆಗೆ ಮುರಿ. ಹಣ್ಣನ್ನು ತಲೆಕೆಳಗಾಗಿ ಇಡು. ನೂರು ಎಣಿಸು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆ, ಒಣ ಬಟ್ಟೆಯಲ್ಲಿ ಒರೆಸು. ತೊಟ್ಟಿನ ಸುತ್ತ ಕಪ್ಪಾದ ಸಿಪ್ಪೆ ಇದ್ದರೆ ಅದನ್ನು ಮೊದಲೇ ಕೆತ್ತಿ ತೆಗೆ. "ಸೊನೆ ಇರೋ ಹಣ್ಣನ್ನ ಶತ್ರುವಿಗೂ ಕೊಡಬಾರದು ಕಣೆ." ಕಾರ್ಖಾನೆಯಲ್ಲಿ ನೂರು ಎಣಿಸಲು ಪುರುಸೊತ್ತಿಲ್ಲ. ಬುಟ್ಟಿ ಬಂದ ಹಾಗೆ ಸುಲಿಯಬೇಕು. ಆದರೆ ಮನೆಯಲ್ಲಾಗಲಿ, ನೆರೆಯವರಿಗಾಗಲಿ, ಬೇರೊಬ್ಬರ ಬಾಯಿಗೆ ಹೋಗುವ ಯಾವ ಹಣ್ಣನ್ನೂ ಅವಳು ಈ ಹತ್ತೊಂಬತ್ತು ವರ್ಷದಲ್ಲಿ ಹಾಗೆಯೇ ಕೊಟ್ಟಿರಲಿಲ್ಲ. ಕೈ ತಾನಾಗಿ ಮಾಡುತ್ತಿತ್ತು, ತಲೆಯನ್ನು ಕೇಳುತ್ತಿರಲಿಲ್ಲ.

ಅವಳು ಚೀಟಿಯನ್ನು ಕಚೇರಿಗೆ ಕೊಡುವ ಮೊದಲೇ, ಆ ವಾರವೇ, ಪರೀಕ್ಷೆಯ ಹುಡುಗಿ ಬಂದಳು. ಹುಡುಗಿ ಎಂದರೆ ಮೂವತ್ತರ ಹತ್ತಿರದವಳು. ಬಿಳಿ ಕೋಟು ದೊಡ್ಡದಾಗಿ, ತೋಳು ಮಡಿಸಿಕೊಂಡಿದ್ದಳು. ಮಾವು ತಿಂದರೂ ಮುಟ್ಟಿದರೂ ಕೆಲವರಿಗೆ ಮೈ ಉರಿಯುತ್ತದಲ್ಲ, ಅದು ಯಾವ ಜಾತಿಯ ಹಣ್ಣಿನಲ್ಲಿ ಎಷ್ಟು, ಯಾವುದರಲ್ಲಿ ಹೆಚ್ಚು ಎಂದು ಹೋಲಿಸಿ ನೋಡುವುದು ಅವಳ ಕೆಲಸ. ಯಾವುದೋ ಸಂಶೋಧನಾ ಕೇಂದ್ರದವಳು. ಕಂಪನಿಯವರು ಒಂದು ವಾರದ ಮಟ್ಟಿಗೆ ಒಪ್ಪಿಗೆ ಕೊಟ್ಟಿದ್ದರು. ಅವಳಿಗೆ ಆರು ಜಾತಿಯ ಹಣ್ಣೂ ಹನ್ನೆರಡು ಹೆಂಗಸರ ತೋಳೂ ಬೇಕಾಗಿತ್ತು.

"ಇದು ಚರ್ಮದ ಪರೀಕ್ಷೆ," ಎಂದು ಅವಳು ಊಟದ ಕಟ್ಟೆಯ ಮೇಲೆ ನಿಂತು ಹೇಳಿದಳು. "ಸಿಪ್ಪೆಯ ಸಣ್ಣ ತುಂಡನ್ನ ಎಡಗೈ ಒಳಭಾಗದಲ್ಲಿ ಇಟ್ಟು ಪಟ್ಟಿ ಹಾಕ್ತೀನಿ. ಎರಡು ದಿನ ಬಿಟ್ಟು ತೆಗೀತೀನಿ. ಯಾವ ಹಣ್ಣು ನಿಮಗೆ ಆಗಲ್ಲ ಅಂತ ಗೊತ್ತಾಗುತ್ತೆ."

"ಗೊತ್ತಾದ್ರೆ ಏನು ಮಾಡ್ತೀರ?" ಎಂದಳು ಕಂಚು.

"ಬರೀತೀನಿ."

"ಬರೆದ್ರೆ?"

ಪರೀಕ್ಷೆಯ ಹುಡುಗಿ ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, "ಹಣ್ಣಿನಿಂದಲೇ ಅಂತ ಬಂದ್ರೆ ಚೀಟಿ ಕೋಣೆ. ನಿಯಮ ನಿಯಮಾನೇ," ಎಂದ.

ನಾದಿನಿಯ ಸಿಪ್ಪೆಯನ್ನು ಎರಡು ದಿನ ಒಂದೆಳೆಯ ತೋಳಿಗೆ ಕಟ್ಟಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೆಂಡ ಇಟ್ಟ ಹಾಗಾಗುತ್ತದೆ. ಆಗಲಿ. ಇಷ್ಟು ವರ್ಷ ಸುಮ್ಮನೆ ಉರಿದದ್ದು ಒಂದು ಸಲ ಬರವಣಿಗೆಗೆ ಬರಲಿ.

ಹಣ್ಣು ಆರಿಸಿ ಸಿಪ್ಪೆ ತೆಗೆದುಕೊಡಲು ಮೇಸ್ತ್ರಿ ಅವಳನ್ನೇ ಕಳಿಸಿದ. "ಕಾಗದದಷ್ಟು ತೆಳ್ಳಗೆ ಬೇಕಂತೆ. ನಿನ್ನ ಬಿಟ್ಟು ಯಾರ ಕೈಲಾಗುತ್ತೆ?" ಪರೀಕ್ಷೆಯ ಹುಡುಗಿ ಆರು ಗಾಜಿನ ಬಟ್ಟಲು ಕೊಟ್ಟು, ಒಂದರಿಂದ ಆರರವರೆಗೆ ಅಂಕಿ ಬರೆದು, ಯಾವ ಅಂಕಿಗೆ ಯಾವ ಹಣ್ಣು ಎಂದು ಹೇಳಿದಳು. ಉಗುರಿನಗಲದ ತುಂಡು, ಒಂದೊಂದು ಬಟ್ಟಲಿಗೆ ಹನ್ನೆರಡು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಸಿದ್ಧವಿರಲಿ.

ಸೋಮವಾರ ಬೆಳಿಗ್ಗೆ ಆರೂವರೆಗೇ ಒಂದೆಳೆ ಕಂಪನಿಯ ಹಿಂದಿನ ನಲ್ಲಿಯ ಬಳಿ ಕೂತಿದ್ದಳು. ಒಂದೊಂದು ಜಾತಿಯಲ್ಲೂ ಚೆಂದದ ಹಣ್ಣು ಆರಿಸಿದ್ದಳು. ತೊಟ್ಟು ಮುರಿದಳು. ತಲೆಕೆಳಗಾಗಿ ಇಟ್ಟು ನೂರು ಎಣಿಸಿದಳು. ನಾದಿನಿಗೆ ಇನ್ನೂರು ಎಣಿಸಿದಳು. ಕ್ಯಾಂಟೀನಿನಿಂದ ಬಿಸಿನೀರು ತಂದು ತೊಳೆದಳು, ಒರೆಸಿದಳು. ತೊಟ್ಟಿನ ಸುತ್ತಲಿನ ಕಪ್ಪನ್ನು ಕೆತ್ತಿ ಬಿಸಾಕಿ, ಹೊಟ್ಟೆಯ ಭಾಗದ ಹೊಳೆಯುವ ಸಿಪ್ಪೆಯನ್ನೇ ತೆಗೆದು ತುಂಡು ಮಾಡಿದಳು. ಓದಿದವಳು, ದೂರದಿಂದ ಬಂದವಳು, ಅವಳ ಕೈಗೆ ಕೊಡುವುದು. ಬಟ್ಟಲುಗಳನ್ನು ಸಾಲಾಗಿ ಇಟ್ಟಾಗ ಅವು ಆರು ಬಣ್ಣದ ಗುಂಡಿಗಳ ಹಾಗೆ ಕಂಡವು.

"ಎಷ್ಟು ನೀಟಾಗಿದೆ!" ಎಂದಳು ಪರೀಕ್ಷೆಯ ಹುಡುಗಿ. ಒಂದೆಳೆಗೆ ನಾಚಿಕೆಯಾಯಿತು. ಶೆಡ್ಡಿನಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ, ಮನೆಯಲ್ಲಂತೂ ಇಲ್ಲವೇ ಇಲ್ಲ.

ಹನ್ನೆರಡು ತೋಳುಗಳ ಮೇಲೆ ಆರಾರು ಚೌಕ, ಚೌಕದ ಪಕ್ಕ ಮಸಿಯಲ್ಲಿ ಅಂಕಿ, ಮೇಲೆ ಬಿಳಿ ಪಟ್ಟಿ. "ಎರಡು ದಿನ ಈ ಕೈಗೆ ಒಂದು ಹನಿ ನೀರು ತಾಗಬಾರದು," ಎಂದಳು ಹುಡುಗಿ. ಹನ್ನೆರಡು ಮಂದಿಯೂ ಗೊಳ್ಳೆಂದು ನಕ್ಕರು. ಅವಳಿಗೆ ಯಾಕೆಂದು ತಿಳಿಯಲಿಲ್ಲ.

"ನಿಮಗೆ ಮದುವೆ ಆಗಿದೆಯೇನಮ್ಮ?" ಎಂದು ಕಂಚು ಕೇಳಿದಳು.

"ಇಲ್ಲ."

"ಅದಕ್ಕೇ."

ಎರಡು ದಿನ ಅವರನ್ನೆಲ್ಲ ಚೀಟಿ ಕೋಣೆಗೆ ಹಾಕಿದರು. ಒಂದೆಳೆ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೆಲಸದಲ್ಲಿ ಕುರ್ಚಿಯ ಮೇಲೆ ಕೂತಳು. ಕಾಲಿನ ಕೆಳಗೆ ನೀರಿರಲಿಲ್ಲ. ಚೀಟಿಯಲ್ಲಿ ಅರ್ಧ ಹೆಚ್ಚಿದ ಹಣ್ಣಿನ ಚಿತ್ರ, ಅದರ ಪಕ್ಕ ನಗುವ ಹೆಣ್ಣಿನ ಕೈ, ಉಗುರಿಗೆ ಬಣ್ಣ. "ಯಾರದೇ ಈ ಕೈ?" ಎಂದಳು ಕಂಚು. "ನಮ್ಮಲ್ಲಿ ಯಾರದೂ ಅಲ್ಲ ಬಿಡು. ಈ ಕೈ ಹಣ್ಣು ಸುಲಿದಿದ್ರೆ ನನ್ನ ಹೆಸರು ಬದಲಾಯಿಸಿ." ಮೊದಲ ದಿನ ಸಂಜೆಗೆ ರೆಪ್ಪೆಯ ಊತ ಇಳಿಯಿತು. ಎರಡನೆಯ ದಿನ ಕತ್ತಿನ ಉರಿ ಇಳಿಯಿತು. ಕುರ್ಚಿಯ ಮೇಲೆ ಕೂತು ಚೀಟಿ ಅಂಟಿಸುತ್ತ, ಇದು ಇನ್ನು ತನ್ನದೇ ಜಾಗ ಎಂದು ಅವಳು ಮನಸ್ಸಿನಲ್ಲೇ ಕಿಟಕಿಯ ಪಕ್ಕದ ಮೂಲೆಯನ್ನು ಆರಿಸಿಕೊಂಡಳು.

ಮನೆಯಲ್ಲಿ ಮಾತ್ರ ಎರಡು ದಿನ ಬೇರೆ ಥರವಿತ್ತು.

"ಎರಡು ದಿನ ಪಾತ್ರೆ ತೊಳೀತೀರಾ?" ಎಂದು ಗಂಡನನ್ನು ಕೇಳಿದಳು.

"ಎರಡೇ ದಿನ ತಾನೆ? ಇರಲಿ ಬಿಡು, ಏನೂ ಅವಸರ ಇಲ್ಲ," ಎಂದ ಅವನು ಧಾರಾಳವಾಗಿ. ಅಂದರೆ ಎರಡು ದಿನದ ಪಾತ್ರೆ ಮೂರನೆಯ ದಿನ ಅವಳಿಗಾಗಿ ಕಾಯುತ್ತದೆ ಎಂದರ್ಥ. ಆದರೆ ಮನೆಯಲ್ಲಿದ್ದದ್ದು ಮೂರೇ ತಟ್ಟೆ. ಮಾರನೆಯ ಊಟಕ್ಕೆ ತಟ್ಟೆ ಬೇಕಲ್ಲ. ಅತ್ತೆ ಎದ್ದು ಬಚ್ಚಲಿಗೆ ಬಂದಾಗ ಅವಳು, "ನಿಮ್ಮ ಸೊಂಟ ಹಿಡ್ಕೊಂಡ್ರೆ ಅದನ್ನೂ ನಾನೇ ಉಜ್ಜಬೇಕು, ಹೋಗಿ ಕೂತ್ಕೊಳ್ಳಿ," ಎಂದು ಗದರಿ ಕಳಿಸಿದಳು. ಎಡತೋಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ರಬ್ಬರ್ ಹಾಕಿ, ಆ ಕೈಯನ್ನು ತಲೆಯ ಮೇಲೆತ್ತಿ, ಬಲಗೈ ಒಂದರಲ್ಲೇ ತಟ್ಟೆಗಳನ್ನು ಕಾಲಿನಿಂದ ಒತ್ತಿ ಹಿಡಿದು ಸೋಪು ಹಚ್ಚಿ ಉಜ್ಜಿದಳು. ತರಗತಿಯಲ್ಲಿ ಪ್ರಶ್ನೆ ಕೇಳಲು ಕೈ ಎತ್ತಿದ ಮಗುವಿನ ಹಾಗಿತ್ತು ಅವಳ ಭಂಗಿ. ಗಂಡ ನೀರು ಕುಡಿಯಲು ಬಂದವನು ನೋಡಿ ನಕ್ಕ. "ಏನು ಮಗು, ಹೊರಗೆ ಹೋಗಬೇಕಾ?" ತಮಾಷೆ ಚೆನ್ನಾಗಿಯೇ ಇತ್ತು. ಕುಡಿದ ಲೋಟವನ್ನು ಅವಳ ಮುಂದಿಟ್ಟು ಹೋದ.

ಕೈ ಕೆಸರಾದರೆ ಬಾಯಿ ಮೊಸರಂತೆ. ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಎಂಬುದನ್ನು ಗಾದೆ ಕಟ್ಟಿದವರು ಹೇಳದೆ ಬಿಟ್ಟರು.

ಮೂರನೆಯ ದಿನ ಪಟ್ಟಿ ತೆಗೆದರು. ಬುಧವಾರವಾದ್ದರಿಂದ ಡಾಕ್ಟರೂ ಪಕ್ಕದಲ್ಲಿದ್ದರು. ಒಂದೆಳೆ ಹಲ್ಲು ಕಚ್ಚಿ ಮುಖ ತಿರುಗಿಸಿದಳು, ಗಾಯ ನೋಡಲು ಹೆದರಿ ಅಲ್ಲ, ತನ್ನ ಸಂತೋಷ ಕಾಣಬಾರದೆಂದು. ಪರೀಕ್ಷೆಯ ಹುಡುಗಿ ಬೆರಳಿನಿಂದ ಒಂದೊಂದೇ ಚೌಕ ಒತ್ತಿ ನೋಡಿದಳು. "ಒಂದು, ಇಲ್ಲ. ಎರಡು, ಇಲ್ಲ. ಮೂರು, ಇಲ್ಲ."

ಒಂದೆಳೆ ತಿರುಗಿದಳು. ತೋಳಿನ ಒಳಭಾಗ ಒಣಗಿ, ಸುಮ್ಮನೆ, ಬೇರೆ ಯಾರದೋ ತೋಳಿನ ಹಾಗಿತ್ತು. ಆರನೆಯ ಚೌಕದಲ್ಲಿ ಸೊಳ್ಳೆ ಕಚ್ಚಿದಷ್ಟು ಕೆಂಪು.

"ಆರು, ಅತ್ಯಲ್ಪ," ಎಂದಳು ಹುಡುಗಿ. ಅವಳ ದನಿಯಲ್ಲೂ ಆಶ್ಚರ್ಯವಿತ್ತು. ಉಳಿದ ಹನ್ನೊಂದು ತೋಳುಗಳೂ ಹಾಗೆಯೇ.

"ಅದು ಹೇಗಾಗುತ್ತೆ?" ಎಂದಳು ಒಂದೆಳೆ. "ಅದು ನಾದಿನಿ ಕಣಮ್ಮ! ಬುಟ್ಟಿ ಪಕ್ಕ ನಿಂತ್ರೆ ಸಾಕು, ನನ್ನ ಕತ್ತು ಏಳುತ್ತೆ. ಹಣ್ಣು ತಪ್ಪಾಯ್ತೇನೋ. ಇಲ್ಲ, ನಾನೇ ಆರಿಸಿದ್ದು. ನಾನೇ ಸೊನೆ ಇಳಿಸಿದ್ದು, ನಾನೇ ತೊಳೆದದ್ದು..."

ಹುಡುಗಿಯ ಪೆನ್ನು ನಿಂತಿತು. "ಏನು ಮಾಡಿದ್ರಿ?"

"ತೊಳೆದೆ."

"ಸಿಪ್ಪೇನ?"

"ಹಣ್ಣನ್ನ. ಸೊನೆ ಇಳಿಸಿ, ಬಿಸಿನೀರಲ್ಲಿ. ತೊಟ್ಟಿನ ಹತ್ತಿರದ್ದು ಕೆತ್ತಿ ತೆಗೆದು..." ಒಂದೆಳೆಗೆ ಆಗಲೂ ಅರ್ಥವಾಗಿರಲಿಲ್ಲ. "ತೊಳೀದೆ ಯಾರಾದ್ರೂ ಕೊಡ್ತಾರಾ?"

ಪರೀಕ್ಷೆಯ ಹುಡುಗಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಉರಿಸುವ ವಸ್ತು ಇರುವುದೇ ಸೊನೆಯಲ್ಲಿ, ಸೊನೆ ಹೆಚ್ಚು ಇರುವುದೇ ತೊಟ್ಟಿನ ಸುತ್ತ ಎಂದು ಅವಳು ಮೆಲ್ಲಗೆ ಹೇಳಿದಳು. ಅದನ್ನು ಒಂದೆಳೆಗೆ ಹೇಳಬೇಕಾಗಿಯೇ ಇರಲಿಲ್ಲ. ಹೇಳಬೇಕಾಗಿದ್ದದ್ದು ಒಂದೇ ಮಾತು: ತೊಳೆಯಬೇಡಿ. "ಅದನ್ನ ಹೇಳಬೇಕು ಅಂತ ನನಗೆ ಹೊಳೀಲೇ ಇಲ್ಲ," ಎಂದಳು ಹುಡುಗಿ. ಹೊಳೆಯುವುದು ಹೇಗೆ? ಮಾವಿನ ಬಗ್ಗೆ ನಾಲ್ಕು ವರ್ಷ ಓದಿದವಳು ಅವಳು. ದಿನವೂ ಅವಳ ಚೀಲದಲ್ಲಿ ಅಮ್ಮ ಹೆಚ್ಚಿ ಕೊಟ್ಟ ಹಣ್ಣಿನ ಡಬ್ಬಿ ಬರುತ್ತಿತ್ತು. ಹಣ್ಣು ಡಬ್ಬಿಗೆ ಬರುವ ಮೊದಲು ಯಾರೋ ಅದರ ಸೊನೆ ಇಳಿಸಿರುತ್ತಾರೆ ಎನ್ನುವುದು ಓದಿನಲ್ಲಿ ಬಂದಿರಲಿಲ್ಲ.

"ಇನ್ನೊಂದು ಸಲ ಮಾಡಿ," ಎಂದಳು ಒಂದೆಳೆ. "ಈಗಲೇ ಮಾಡಿ. ನಾನು ತೊಳೆಯೋದೇ ಇಲ್ಲ."

"ಒಪ್ಪಿಗೆ ಇದ್ದದ್ದು ಒಂದು ವಾರಕ್ಕೆ. ನಮ್ಮ ದೊಡ್ಡವರನ್ನ ಕೇಳ್ತೀನಿ. ಕಂಪನಿಯವರೂ ಒಪ್ಪಬೇಕು..." ಹುಡುಗಿ ಡಾಕ್ಟರ ಕಡೆ ನೋಡಿದಳು. ಡಾಕ್ಟರು ಗಡಿಯಾರ ನೋಡಿದರು.

ಒಂದೆಳೆ ಅವರ ಕಡೆ ತಿರುಗಿದಳು. "ಡಾಕ್ಟ್ರೇ, ನನ್ನ ಕಣ್ಣು ನೋಡಿ. ಊತ ಇಳಿದಿದೆ. ಎರಡು ದಿನ ಸೊನೆ ಮುಟ್ಟಲಿಲ್ಲ, ಇಳೀತು."

"ಎರಡು ದಿನ ನೀರು ಸೋಪು ಮುಟ್ಟಲಿಲ್ಲವಲ್ಲ, ಅದಕ್ಕೇ ಇಳೀತು. ನಾನು ಹೇಳಿರಲಿಲ್ವಾ?"

"ಮುಟ್ಟಿದೆ! ಬಲಗೈಲಿ ಮುಟ್ಟಿದೆ. ಎರಡು ದಿನಾನೂ ಪಾತ್ರೆ ಉಜ್ಜಿದೆ, ಸೋಪು ಹಾಕೇ ಉಜ್ಜಿದೆ. ಆದ್ರೂ ಈ ಕೈನೂ ವಾಸಿಯಾಗಿದೆ, ನೋಡಿ." ಅವಳು ಬಲಗೈಯನ್ನು ಮೇಜಿನ ಮೇಲೆ ಚಾಚಿದಳು. ಬೆರಳ ಸಂದಿ ಒಣಗಿತ್ತು, ಹೊಸ ಗುಳ್ಳೆ ಒಂದೂ ಇರಲಿಲ್ಲ.

ಡಾಕ್ಟರು ಆ ಕೈಯನ್ನು ನೋಡಿದರು. ಒಂದು ಗಳಿಗೆ ನಿಜವಾಗಿಯೇ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು. "ಪರೀಕ್ಷೆ ಎಡಗೈದು," ಎಂದರು.

ಹುಡುಗಿ ಮೋಸ ಮಾಡಲಿಲ್ಲ. ವರದಿಯ ಕೊನೆಗೆ ಒಂದು ಸಾಲು ಬರೆದಳು: ಮಾದರಿ ಹಣ್ಣುಗಳ ಸೊನೆ ತೆಗೆದು ತೊಳೆಯಲಾಗಿತ್ತು. ಹೊರಡುವ ದಿನ ಗೇಟಿನ ಬಳಿ ಒಂದೆಳೆಯ ಕೈ ಹಿಡಿದು, "ಇನ್ನೊಂದು ಸುಗ್ಗಿಗೆ ಬರ್ತೀನಿ, ಸರಿಯಾಗಿ ಮಾಡೋಣ," ಎಂದಳು. ಬರಬೇಕೆಂದು ಅವಳಿಗೆ ಇದ್ದಿರಬಹುದು. ಬರಲಿಲ್ಲ.

ಆ ಒಂದು ಸಾಲನ್ನು ಕಂಪನಿಯವರು ಸರಿಯಾಗಿಯೇ ಓದಿದರು. ಹದಿನೈದು ದಿನದಲ್ಲಿ ಶೆಡ್ಡಿನ ಗೋಡೆಗೆ ದೊಡ್ಡ ಅಕ್ಷರದ ಕಾಗದ ಬಂತು. ಮೇಸ್ತ್ರಿ ಓದಿ ಹೇಳಿದ: ಆರೂ ಜಾತಿಯ ಹಣ್ಣನ್ನು ಹೋಲಿಸಿ ನೋಡಲಾಗಿ, ಸೊನೆ ಇಳಿಸಿ ತೊಳೆದ ಹಣ್ಣಿನಿಂದ ಚರ್ಮಕ್ಕೆ ತೊಂದರೆ ಇಲ್ಲವೆಂದು ಸಾಬೀತಾಗಿದೆ. ಆದ್ದರಿಂದ ಇನ್ನು ಮುಂದೆ ಸುಲಿಯುವವರು ತಮ್ಮ ತಮ್ಮ ಬುಟ್ಟಿಯ ಹಣ್ಣಿನ ಸೊನೆಯನ್ನು ತಾವೇ ಇಳಿಸಿ, ತೊಳೆದು, ಆಮೇಲೆ ಸುಲಿಯತಕ್ಕದ್ದು. ಪಾಳಿ ಶುರುವಾಗುವ ಒಂದು ಗಂಟೆ ಮೊದಲು ಬರತಕ್ಕದ್ದು. ಇದು ಸ್ವಚ್ಛತೆಗೆ ಸೇರಿದ್ದರಿಂದ ಕೆಲಸದ ಹೊತ್ತಿನಲ್ಲಿ ಬರುವುದಿಲ್ಲ. ಹೀಗೆ ಮಾಡದೆ ಹುಣ್ಣು ಮಾಡಿಕೊಂಡವರಿಗೆ ಕಂಪನಿ ಹೊಣೆಯಲ್ಲ.

ಸುಲಿಯುವಾಗ ತಾಗುವ ಸೊನೆ ಒಂದು ಪಾಲಾದರೆ ಇಳಿಸುವಾಗ ಚಿಮ್ಮುವುದು ಹತ್ತು ಪಾಲು ಎನ್ನುವುದು ಅಲ್ಲಿದ್ದ ಪ್ರತಿ ಕೈಗೂ ಗೊತ್ತಿತ್ತು.

"ನಿನ್ನ ಮಡಿ ಸುಟ್ಟುಹೋಗ!" ಎಂದಳು ಕಂಚು. ಆ ದೊಡ್ಡ ಗಂಟಲನ್ನು ಇಷ್ಟು ತಗ್ಗಿಸಿದ್ದು ಯಾರೂ ಕೇಳಿರಲಿಲ್ಲ. ಅವಳ ತೋಳೂ ಹನ್ನೆರಡರಲ್ಲಿ ಒಂದಾಗಿತ್ತು. "ಒಂದು ದಿನ, ಒಂದೇ ಒಂದು ದಿನ, ಕೊಳಕಾಗಿ ಕೊಡೋಕೆ ಆಗಲಿಲ್ವೇನೆ ನಿನಗೆ?"

ಆಗಲಿಲ್ಲ ಎನ್ನುವುದೇ ಒಂದೆಳೆಯ ಉತ್ತರವಾಗಿತ್ತು.

ಅವಳನ್ನು ಮನೆಗೆ ಕಳಿಸಲಿಲ್ಲ. ಕಣ್ಣಿನ ಊತ ಇಳಿದಿತ್ತಲ್ಲ, ಡಾಕ್ಟರು 'ಕೆಲಸಕ್ಕೆ ಯೋಗ್ಯ' ಎಂದು ಬರೆದುಕೊಟ್ಟರು. ಚೀಟಿ ಕೋಣೆಗೂ ಹಾಕಲಿಲ್ಲ. ಹಿಂದಿನ ನಲ್ಲಿಯ ಬಳಿ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಬೇರೆಯವರಿಗೆ ಸೊನೆ ಇಳಿಸುವುದನ್ನು ಕಲಿಸಲು ಅವಳನ್ನು ಅಲ್ಲಿ ನಿಲ್ಲಿಸಿದರು. "ನಿನ್ನಷ್ಟು ಚೆನ್ನಾಗಿ ಗೊತ್ತಿರೋರು ಯಾರಿದ್ದಾರೆ?" ಎಂದ ಮೇಸ್ತ್ರಿ. ಹೊಗಳಿಕೆಯೇ ಅದು. ಅವಳು ಬೆಳಿಗ್ಗೆ ಆರರಿಂದ ಬುಟ್ಟಿಗಟ್ಟಲೆ ಹಣ್ಣಿನ ತೊಟ್ಟು ಮುರಿದು, ತಲೆಕೆಳಗಾಗಿ ಇಟ್ಟು, ನೂರು ಎಣಿಸುತ್ತಿದ್ದಳು. ಮುಂದಿನ ಸುಗ್ಗಿಯಲ್ಲಿ ನಾದಿನಿ ಬಂದ ಹದಿನೈದು ದಿನ ಎರಡೂ ಕಣ್ಣು ತೆರೆಯಲಿಲ್ಲ. ಆಗ ಎಣಿಕೆಗೆ ಕಣ್ಣು ಬೇಕಾಗುವುದಿಲ್ಲ ಎನ್ನುವುದು ಗೊತ್ತಾಯಿತು.

ಸುಗ್ಗಿಯ ಕೊನೆಗೆ ಕಂಪನಿ ಎಲ್ಲರಿಗೂ ಒಂದೊಂದು ಚೀಲ ಉಳಿಕೆ ಹಣ್ಣು ಕೊಡುತ್ತಿತ್ತು. ಆ ಸಲದ ಚೀಲ ತಂದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗಂಡ ಗೋಡೆಗೆ ಒರಗಿ ಕೂತು, "ಒಂದು ಹಣ್ಣು ತಾರೇ," ಎಂದ.

ಅವಳು ಚೀಲದಿಂದ ಒಂದು ಹಣ್ಣು ತೆಗೆದಳು. ನಾದಿನಿಯೇ ಸಿಕ್ಕಿತು. ತೊಟ್ಟು ಮುರಿದಳು. ಸೊನೆ ಗೆರೆಗೆರೆಯಾಗಿ ಹಣ್ಣಿನ ಮೈಮೇಲೆ ಇಳಿಯಿತು. ತಲೆಕೆಳಗು ಮಾಡಲಿಲ್ಲ, ಎಣಿಸಲಿಲ್ಲ, ನಲ್ಲಿಯ ಕಡೆ ಹೋಗಲಿಲ್ಲ. ಹಾಗೆಯೇ ತಟ್ಟೆಯಲ್ಲಿಟ್ಟು, ತಟ್ಟೆಯ ಪಕ್ಕ ಚಾಕು ಇಟ್ಟು, ಅವನ ಮುಂದೆ ಸರಿಸಿದಳು.

"ಇದೇನಿದು, ತೊಳೆದಿಲ್ಲ?"

"ಇಲ್ಲ."

"ಹೆಚ್ಚಿಲ್ಲ?"

"ಇಲ್ಲ. ನಲ್ಲಿ ಅಲ್ಲಿದೆ, ಚಾಕು ಇಲ್ಲಿದೆ."

ಅವನು ಅವಳ ಮುಖ ನೋಡಿದ, ಹಣ್ಣನ್ನು ನೋಡಿದ. ಮುಟ್ಟಲಿಲ್ಲ. ಸೊನೆಯನ್ನು ಮುಟ್ಟಬಾರದೆಂದು ಆ ಮನೆಯಲ್ಲಿ ಅವನಿಗೂ ಗೊತ್ತಿತ್ತು. ಆಮೇಲೆ ಕಿಟಕಿಯ ಕೆಳಗಿನ ಚಾಪೆ ಸದ್ದು ಮಾಡಿತು. ಅತ್ತೆ ಸೊಂಟ ಹಿಡಿದುಕೊಂಡು ಎದ್ದು ಬಂದು, ತಟ್ಟೆಯಿಂದ ಹಣ್ಣನ್ನು ಎತ್ತಿಕೊಂಡಳು.

"ನೀವ್ಯಾಕೆ ಅತ್ತೆ? ಇಡಿ ಅದನ್ನ. ಬೇಕಾದವರು ತೊಳ್ಕೊಳ್ಳಲಿ."

"ಬಿಡೆ." ಅತ್ತೆ ಆಗಲೇ ಬಚ್ಚಲಲ್ಲಿ ಹಣ್ಣನ್ನು ತಲೆಕೆಳಗಾಗಿ ಹಿಡಿದಿದ್ದಳು. ಸೊನೆ ಅವಳ ನುಣುಪು ಬೆರಳಿನ ಮೇಲೆ ಜಾರಿ ಮಣಿಕಟ್ಟಿಗೆ ಇಳಿಯುತ್ತಿತ್ತು. "ನಿನ್ನ ಕೈ ಉರೀತಿದೆ ಅಂತ ಗೊತ್ತು. ನನ್ನ ಕೈಗೆ ಈಗ ಏನೂ ಗೊತ್ತಾಗಲ್ಲ."

ತೊಳೆದು, ಒರೆಸಿ, ಸುಲಿದು, ಹೆಚ್ಚಿ, ಅತ್ತೆ ಮಗನ ಮುಂದೆ ತಟ್ಟೆ ಇಟ್ಟಳು. ಅವನು ತಿಂದ. "ಸಿಹಿ ಇದೆ," ಎಂದ. ಓಟೆಯನ್ನು ಚೀಪಿ ತಟ್ಟೆಯಲ್ಲಿಟ್ಟು ಪಕ್ಕಕ್ಕೆ ಸರಿಸಿದ.

ಅತ್ತೆ ತಟ್ಟೆಗೆ ಕೈ ಚಾಚಿದಾಗ ಒಂದೆಳೆ ಆ ಒದ್ದೆ ಕೈಯನ್ನು ಹಿಡಿದು, ಅವಳನ್ನು ಚಾಪೆಯ ಮೇಲೆ ಕೂರಿಸಿ, ಬಿಡದೆ ಹಿಡಿದುಕೊಂಡೇ ಕೂತಳು. ತಟ್ಟೆ ನಡುಮನೆಯಲ್ಲಿ ಉಳಿಯಿತು. ಸಂಜೆಯ ಹೊತ್ತಿಗೆ ಇರುವೆ ಸಾಲು ಕಟ್ಟಿದವು. "ಈ ತಟ್ಟೆ ಯಾರು ತೆಗೀತಾರೆ?" ಎಂದು ಗಂಡ ಮೂರು ಸಲ, ಯಾರನ್ನೂ ನೋಡದೆ, ಕೇಳಿದ.

ಮಾರನೆಯ ಬೆಳಿಗ್ಗೆ ಅವಳು ತೊಟ್ಟಿಯ ಕೆಲಸಕ್ಕೆ ಹೊರಟಾಗಲೂ ತಟ್ಟೆ ಅಲ್ಲೇ ಇತ್ತು. ಅದನ್ನು ದಾಟಿಕೊಂಡು ಹೋದಳು.